ಹಳೆಯ ಗಣಕ ವ್ಯವಸ್ಥೆಯನ್ನು ಬದಲಿಸುವಾಗ ಕಳೆದುಹೋಗುವುದೇನು?

ಸಭೆಯಲ್ಲಿರುವ ಹಿರಿಯರೇ, ಸಹೋದ್ಯೋಗಿಗಳೇ, ವಿದ್ಯಾರ್ಥಿ ಮಿತ್ರರೇ,

ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕು 2018ರ ಏಪ್ರಿಲ್ ತಿಂಗಳ ಒಂದು ವಾರಾಂತ್ಯದಲ್ಲಿ ತನ್ನ ಸುಮಾರು 52 ಲಕ್ಷ ಗ್ರಾಹಕರ ಖಾತೆಗಳನ್ನು ಹಳೆಯ ಗಣಕ ವ್ಯವಸ್ಥೆಯಿಂದ ಹೊಸದಕ್ಕೆ ಸಾಗಿಸಿತು. ಹಳೆಯದು ಲಾಯ್ಡ್ಸ್ ಬ್ಯಾಂಕಿನ ವ್ಯವಸ್ಥೆ. ಟಿಎಸ್‌ಬಿ ಅದರಿಂದ ಬೇರ್ಪಟ್ಟ ಮೇಲೂ ಬಾಡಿಗೆಗೆ ಎಂಬಂತೆ ಅದನ್ನೇ ಬಳಸುತ್ತಿತ್ತು. ಹೊಸದನ್ನು ಕಟ್ಟಿದ್ದು ಟಿಎಸ್‌ಬಿಯನ್ನು ಕೊಂಡಿದ್ದ ಸ್ಪೇನಿನ ಸಬಾದೆಲ್ ಬ್ಯಾಂಕಿನ ತಂತ್ರಜ್ಞಾನ ಅಂಗಸಂಸ್ಥೆ. ನಿಯಂತ್ರಣ ಸಂಸ್ಥೆಗಳು ಮುಂದೆ ಹೇಳಿದಂತೆ, ದತ್ತಾಂಶದ ಸಾಗಣೆಯೇನೋ ಸರಿಯಾಗಿಯೇ ನಡೆದಿತ್ತು. ಆದರೆ ಗ್ರಾಹಕರು ಬಳಸತೊಡಗಿದ ಕೂಡಲೇ ಹೊಸ ವೇದಿಕೆ ತಡವರಿಸಿತು. ಆನ್‌ಲೈನ್, ಮೊಬೈಲ್, ದೂರವಾಣಿ, ಶಾಖೆ ಎಲ್ಲವೂ ತೊಂದರೆಗೆ ಸಿಕ್ಕಿದವು, ಜನರಿಗೆ ತಮ್ಮ ಹಣವೇ ಕೈಗೆಟುಕದಾಯಿತು, ಮತ್ತು ವ್ಯವಹಾರ ಪೂರ್ತಿ ಎಂದಿನಂತಾಗಲು ಆ ವರ್ಷದ ಡಿಸೆಂಬರ್ ಬರಬೇಕಾಯಿತು. 2022ರ ಕೊನೆಯಲ್ಲಿ ನಿಯಂತ್ರಕರು ಬ್ಯಾಂಕಿಗೆ 4.8 ಕೋಟಿ ಪೌಂಡಿಗೂ ಹೆಚ್ಚು ದಂಡ ವಿಧಿಸಿದರು. ಹೊಸ ವ್ಯವಸ್ಥೆ ಎರಡು ಡೇಟಾ ಸೆಂಟರ್‌ಗಳಿಂದ ಏಕಕಾಲಕ್ಕೆ ನಡೆಯಬೇಕಾಗಿದ್ದರೂ ಅದರ ಸಾಮರ್ಥ್ಯದ ಪರೀಕ್ಷೆ ನಡೆದದ್ದು ಒಂದರಲ್ಲಿ ಮಾತ್ರ ಎಂಬುದು ಸ್ವತಂತ್ರ ತನಿಖಾ ವರದಿಯಿಂದ ಹೊರಬಿತ್ತು.

ಇಂಥ ಪ್ರಕರಣಗಳನ್ನು ಓದಿದಾಗ ನಮ್ಮ ಮನಸ್ಸು ಮೊದಲು ಹುಡುಕುವುದು ತಾಂತ್ರಿಕ ತಪ್ಪನ್ನು. ತಾಂತ್ರಿಕ ತಪ್ಪು ಇದ್ದೇ ಇರುತ್ತದೆ. ಆದರೆ ದೊಡ್ಡ ಸಂಸ್ಥೆಯೊಂದರಲ್ಲಿ ದಶಕಗಳಿಂದ ನಡೆದುಬಂದ ಗಣಕ ವ್ಯವಸ್ಥೆಯನ್ನು ತೆಗೆದು ಬೇರೊಂದನ್ನು ಕೂರಿಸುವ ಕೆಲಸದ ನಿಜವಾದ ಅಪಾಯ ಅದಕ್ಕಿಂತ ಆಳದಲ್ಲಿದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ಸಂಸ್ಥೆ ತನ್ನ ಕೆಲಸವನ್ನು ನಿಜಕ್ಕೂ ಹೇಗೆ ಮಾಡುತ್ತದೆ ಎಂಬುದರ ಪೂರ್ಣ ದಾಖಲೆ ಇರುವುದು ಹಲವು ವೇಳೆ ಆ ಹಳೆಯ ಪ್ರೋಗ್ರಾಮುಗಳಲ್ಲಿ ಮಾತ್ರ. ಅದನ್ನು ಓದಿ ಅರ್ಥ ಮಾಡಿಕೊಳ್ಳುವ ಮೊದಲೇ ಕಿತ್ತುಹಾಕಲು ಹೊರಡುವುದರಿಂದಲೇ ಅನಾಹುತಗಳಲ್ಲಿ ಬಹುಪಾಲು ಹುಟ್ಟುತ್ತವೆ.

ಸುತ್ತೋಲೆ, ನಿಯಮಾವಳಿ, ಕೈಪಿಡಿಗಳಲ್ಲಿ ಎಲ್ಲವೂ ಬರೆದಿದೆಯಲ್ಲ ಎಂದು ಕೇಳಬಹುದು. ಬರೆದಿರುತ್ತದೆ, ಆದರೆ ಎಲ್ಲವೂ ಅಲ್ಲ. ನಿಯಮ ಬರೆದವರ ಕಣ್ಣಿಗೆ ಬೀಳದ ಸಾವಿರಾರು ಸಣ್ಣ ತೀರ್ಮಾನಗಳನ್ನು ಪ್ರೋಗ್ರಾಮ್ ಬರೆದವರು ತೆಗೆದುಕೊಳ್ಳಲೇಬೇಕಾಗಿತ್ತು, ಅವೆಲ್ಲ ಸಂಕೇತದ, ಎಂದರೆ ಪ್ರೋಗ್ರಾಮಿನ ಕೋಡಿನ, ಸಾಲುಗಳಲ್ಲಿ ಉಳಿದುಕೊಂಡಿವೆ. ಒಂದನ್ನು ಹತ್ತಿರದಿಂದ ನೋಡೋಣ. ಬಡ್ಡಿ ಲೆಕ್ಕ ಹಾಕಿದಾಗ 104.125 ಎಂಬ ಮೊತ್ತ ಬಂತೆಂದುಕೊಳ್ಳಿ. ದಶಮಾಂಶದ ನಂತರ ಎರಡೇ ಅಂಕಿ ಉಳಿಸಿಕೊಳ್ಳಬೇಕು. ಇಂಥ ಹಳೆಯ ಪ್ರೋಗ್ರಾಮುಗಳನ್ನು ಹೆಚ್ಚಾಗಿ ಬರೆದಿರುವ ಕೋಬಾಲ್ ಭಾಷೆಯಲ್ಲಿ ಪೂರ್ಣಾಂಕಗೊಳಿಸು, ಎಂದರೆ ಹತ್ತಿರದ ಅಂಕಿಗೆ ಸರಿಹೊಂದಿಸು, ಎಂದು ಸ್ಪಷ್ಟವಾಗಿ ಹೇಳದಿದ್ದರೆ ಹೆಚ್ಚುವರಿ ಅಂಕಿಗಳು ಸುಮ್ಮನೆ ಕತ್ತರಿಸಿಹೋಗುತ್ತವೆ, ಉಳಿಯುವುದು 104.12. ಹೇಳಿದ್ದರೆ, ಶಾಲೆಯಲ್ಲಿ ಕಲಿತ ಕ್ರಮದಂತೆ, 104.13. ಇಂದು ಬಳಕೆಯಲ್ಲಿರುವ ಪೈಥಾನ್ ಭಾಷೆಯ ಮಾಮೂಲಿ ವಿಧಾನವಾದರೋ ಸರಿಯಾಗಿ ನಡುವೆ ಬಂದ ಮೊತ್ತವನ್ನು ಸಮ ಅಂಕಿಯ ಕಡೆಗೆ ತಿರುಗಿಸುತ್ತದೆ, ಹಾಗಾಗಿ ಮತ್ತೆ 104.12, ಅದೇ ವಿಧಾನದಲ್ಲಿ 104.375 ಎಂಬುದು 104.38 ಆಗುತ್ತದೆ. ಹಳೆಯ ಪ್ರೋಗ್ರಾಮಿನ ಯಾವ ಸಾಲಿನಲ್ಲಿ ಕತ್ತರಿಸಲಾಗಿದೆ, ಯಾವ ಸಾಲಿನಲ್ಲಿ ಪೂರ್ಣಾಂಕ ಮಾಡಲಾಗಿದೆ, ಅದು ದಿನದ ಬಡ್ಡಿಗೋ ತಿಂಗಳ ಒಟ್ಟು ಬಡ್ಡಿಗೋ ಎಂಬುದು ಯಾವ ಕೈಪಿಡಿಯಲ್ಲೂ ಇರಲಾರದು. ವ್ಯತ್ಯಾಸ ಒಂದು ಖಾತೆಯಲ್ಲಿ ಕಾಸಿನಷ್ಟು. ಲಕ್ಷಾಂತರ ಖಾತೆಗಳಲ್ಲಿ ಪ್ರತಿ ರಾತ್ರಿ ಅದು ಕೂಡುತ್ತ ಹೋದರೆ ಲೆಕ್ಕಪುಸ್ತಕಗಳು ತಾಳೆಯಾಗುವುದಿಲ್ಲ, ಮತ್ತು ತಾಳೆಯಾಗದಿರುವುದಕ್ಕೆ ಕಾರಣ ಹುಡುಕುವಷ್ಟರಲ್ಲಿ ವಾರಗಳು ಕಳೆದಿರುತ್ತವೆ.

ಇದೇ ಬಗೆಯ ಇನ್ನೊಂದು ಸಂಗತಿಯಿದೆ. ದೊಡ್ಡ ಸಂಸ್ಥೆಗಳು ಬಳಸುವ ಭಾರೀ ಗಣಕಗಳಾದ ಐಬಿಎಂ ಮೇನ್‌ಫ್ರೇಮುಗಳು ಅಕ್ಷರಗಳನ್ನು ದಾಖಲಿಸುವ ಎಬ್ಸಿಡಿಕ್ ಕ್ರಮದಲ್ಲಿ ಇಂಗ್ಲಿಷ್ ಅಕ್ಷರಗಳು ಮೊದಲು, ಅಂಕಿಗಳು ನಂತರ ಬರುತ್ತವೆ. ಉಳಿದ ಬಹುತೇಕ ಗಣಕಗಳು ಅನುಸರಿಸುವ ಆಸ್ಕಿ ಕ್ರಮದಲ್ಲಿ ಅಂಕಿಗಳೇ ಮೊದಲು. ಅಕ್ಷರ ಮತ್ತು ಅಂಕಿ ಬೆರೆತ ಗ್ರಾಹಕ ಸಂಖ್ಯೆಗಳನ್ನು ಎರಡೂ ಕಡೆ ವಿಂಗಡಿಸಿದರೆ ಬರುವ ಪಟ್ಟಿಗಳ ಕ್ರಮ ಒಂದೇ ಆಗಿರುವುದಿಲ್ಲ. ಎರಡು ಕಡತಗಳನ್ನು ಒಂದೇ ಕ್ರಮದಲ್ಲಿವೆ ಎಂದು ನಂಬಿ ಸಾಲಿಗೆ ಸಾಲು ಹೋಲಿಸುವ ರಾತ್ರಿಯ ಬ್ಯಾಚ್ ಪ್ರೋಗ್ರಾಮು, ಎಂದರೆ ದಿನದ ದಾಖಲೆಗಳನ್ನೆಲ್ಲ ಒಟ್ಟಿಗೆ ಸಂಸ್ಕರಿಸುವ ಪ್ರೋಗ್ರಾಮು, ಆಗ ಯಾವ ದೋಷಸೂಚನೆಯನ್ನೂ ಕೊಡದೆ ಕೆಲವು ದಾಖಲೆಗಳನ್ನು ಬಿಟ್ಟುಬಿಡುತ್ತದೆ. ನಿಂತುಹೋಗುವ ಪ್ರೋಗ್ರಾಮನ್ನು ಸರಿಪಡಿಸಬಹುದು. ನಿಲ್ಲದೆ ತಪ್ಪು ಮಾಡುತ್ತಲೇ ಹೋಗುವ ಪ್ರೋಗ್ರಾಮೇ ಹೆಚ್ಚು ಭಯಂಕರವಾದದ್ದು.

ದತ್ತಾಂಶದ ವಿಷಯವೂ ಹಾಗೆಯೇ. ಜನ್ಮದಿನಾಂಕ ಗೊತ್ತಿಲ್ಲದಿದ್ದಾಗ ಯಾವುದೋ ಒಂದು ನಿಗದಿತ ದಿನಾಂಕ ತುಂಬುವುದು, ಉಪಯೋಗಕ್ಕೆ ಬಾರದ ಫ್ಯಾಕ್ಸ್ ಸಂಖ್ಯೆಯ ಜಾಗದಲ್ಲಿ ಮುಖ್ಯವಾದ ಟಿಪ್ಪಣಿ ಬರೆದಿಡುವುದು, ಹೊಸ ಕಾಲಂ ಸೇರಿಸಲು ಅನುಮತಿ ಸಿಗದೆ ಹಳೆಯ ಕಾಲಮ್ಮಿಗೆ ಹೊಸ ಅರ್ಥ ಕೊಡುವುದು, ಇವೆಲ್ಲ ದೀರ್ಘಕಾಲ ಬಳಕೆಯಲ್ಲಿದ್ದ ಯಾವುದೇ ವ್ಯವಸ್ಥೆಯಲ್ಲಿ ಕಾಣಸಿಗುತ್ತವೆ. ಅವುಗಳ ಅರ್ಥ ಗೊತ್ತಿರುವುದು ಅಲ್ಲಿ ಕೆಲಸ ಮಾಡುವ ಗುಮಾಸ್ತರಿಗೆ.

ಆ ಗುಮಾಸ್ತರನ್ನೇ ಮೊದಲು ಮನೆಗೆ ಕಳುಹಿಸಿದರೆ ಏನಾಗುತ್ತದೆ? ಕೆನಡಾದ ಕೇಂದ್ರ ಸರ್ಕಾರ ಅದನ್ನು ಬಹಳ ದುಬಾರಿ ಬೆಲೆ ತೆತ್ತು ಕಲಿಯಿತು. ಸುಮಾರು 40 ವರ್ಷ ಹಳೆಯದಾದ ವೇತನ ವ್ಯವಸ್ಥೆಯ ಬದಲು ಫೀನಿಕ್ಸ್ ಎಂಬ ಹೊಸ ವ್ಯವಸ್ಥೆಯನ್ನು ತಂದು, ವರ್ಷಕ್ಕೆ 7 ಕೋಟಿ ಡಾಲರ್ ಉಳಿಸಬಹುದೆಂದು ಅದು ಲೆಕ್ಕ ಹಾಕಿತ್ತು. ಆ ಉಳಿತಾಯದ ಒಂದು ಮುಖ್ಯ ಭಾಗ ಬರಬೇಕಾಗಿದ್ದದ್ದು ಸಿಬ್ಬಂದಿ ಕಡಿತದಿಂದ. 46 ಇಲಾಖೆಗಳಲ್ಲಿ ಚದುರಿದ್ದ ಸುಮಾರು 1,200 ವೇತನ ಸಲಹೆಗಾರರ ಹುದ್ದೆಗಳನ್ನು ರದ್ದುಪಡಿಸಿ, ಅವರ ಬದಲು ನ್ಯೂ ಬ್ರನ್ಸ್‌ವಿಕ್ ಪ್ರಾಂತ್ಯದ ಮಿರಾಮಿಶಿ ಪಟ್ಟಣದ ಒಂದೇ ಕೇಂದ್ರದಲ್ಲಿ ಸುಮಾರು 550 ಜನರನ್ನು ನೇಮಿಸಲಾಯಿತು. ಹೊಸ ವ್ಯವಸ್ಥೆ ಪಾಲಿಸಬೇಕಾಗಿದ್ದ ವೇತನ ನಿಯಮಗಳ ಸಂಖ್ಯೆ 80,000ದಷ್ಟಿತ್ತು. ಕೆಲಸ ಹಿಂದೆ ಬಿದ್ದು ಖರ್ಚು ಮಿತಿಮೀರುವ ಸೂಚನೆ ಕಂಡಾಗ, ಹೊಣೆ ಹೊತ್ತ ಅಧಿಕಾರಿಗಳು ಹಿಂದಿನ ದಿನಾಂಕದಿಂದ ಅನ್ವಯವಾಗುವ ವೇತನ ಪರಿಷ್ಕರಣೆಯಂಥ ಅತ್ಯಗತ್ಯ ಸೌಲಭ್ಯಗಳನ್ನು ಕೈಬಿಟ್ಟರು, ಒಂದು ಇಲಾಖೆಯಲ್ಲಿ ನಡೆಸಿ ನೋಡಬೇಕಾಗಿದ್ದ ಪ್ರಾಯೋಗಿಕ ಹಂತವನ್ನೂ ರದ್ದುಮಾಡಿದರು. 2016ರ ಫೆಬ್ರವರಿ ಮತ್ತು ಏಪ್ರಿಲ್‌ನಲ್ಲಿ, ಎರಡೇ ಕಂತುಗಳಲ್ಲಿ, 101 ಇಲಾಖೆ ಮತ್ತು ಸಂಸ್ಥೆಗಳ ಸುಮಾರು 2,90,000 ನೌಕರರು ಹೊಸ ವ್ಯವಸ್ಥೆಗೆ ಬಂದರು. ಕೆಲವರಿಗೆ ಸಂಬಳವೇ ಬರಲಿಲ್ಲ, ಕೆಲವರಿಗೆ ಕಡಿಮೆ ಬಂತು, ಕೆಲವರಿಗೆ ಹೆಚ್ಚು ಬಂದು ಅದನ್ನು ಹಿಂದಿರುಗಿಸುವ ಸಂಕಟ ಎದುರಾಯಿತು. ಆ ದೇಶದ ಮಹಾಲೆಕ್ಕಪರಿಶೋಧಕರು 2018ರ ವರದಿಯಲ್ಲಿ ಇದನ್ನು ಯೋಜನಾ ನಿರ್ವಹಣೆಯ ಊಹೆಗೂ ನಿಲುಕದ ವೈಫಲ್ಯವೆಂದು ಕರೆದರು.

ಇಲ್ಲಿ ನನಗೆ ಅತ್ಯಂತ ನೋವಿನದಾಗಿ ಕಾಣುವುದು ಆ 1,200 ಜನರ ವಿಷಯ. ಹಳೆಯ ಗಣಕ ವ್ಯವಸ್ಥೆ ತನ್ನಷ್ಟಕ್ಕೆ ತಾನೇ ಸರಿಯಾಗಿ ಸಂಬಳ ಕೊಡುತ್ತಿತ್ತು ಎಂದು ಮೇಲಿನವರು ಭಾವಿಸಿದ್ದರು. ವಾಸ್ತವದಲ್ಲಿ ಸಂಬಳ ಸರಿಯಾಗಿ ಬರುತ್ತಿದ್ದದ್ದು ಆ ಯಂತ್ರ ಮತ್ತು ಅದರ ತಪ್ಪುಗಳನ್ನು ದಿನನಿತ್ಯ ತಿದ್ದುತ್ತಿದ್ದ ಅನುಭವಿ ಕೈಗಳು ಕೂಡಿ ಕೆಲಸ ಮಾಡುತ್ತಿದ್ದುದರಿಂದ. ಯಂತ್ರ ಬದಲಾಗುವ ಹೊತ್ತಿನಲ್ಲಿಯೇ ಆ ಕೈಗಳ ಅಗತ್ಯ ಎಲ್ಲಕ್ಕಿಂತ ಹೆಚ್ಚಾಗಿರುತ್ತದೆ, ಉಳಿತಾಯದ ಪಟ್ಟಿಯಲ್ಲಿ ಮೊದಲು ಕಾಣುವುದೂ ದುರದೃಷ್ಟವಶಾತ್ ಅವೇ.

ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್ ರಾಜ್ಯದ ಆರೋಗ್ಯ ಇಲಾಖೆಯಲ್ಲಿ 2010ರ ಮಾರ್ಚ್‌ನಲ್ಲಿ ನಡೆದದ್ದೂ ಇದಕ್ಕೆ ಬಹಳ ಹತ್ತಿರದ ಕಥೆ. ಪಾಳಿ, ರಾತ್ರಿ ಕೆಲಸ, ರಜೆಯ ದಿನದ ಭತ್ಯೆ ಎಂದು ನೂರಾರು ಬಗೆಯ ಲೆಕ್ಕಗಳಿರುವ ಆಸ್ಪತ್ರೆ ನೌಕರರ ಸಂಬಳ ಹೊಸ ವೇತನ ವ್ಯವಸ್ಥೆ ಚಾಲನೆಗೆ ಬಂದಾಗ ಗೊಂದಲಕ್ಕೀಡಾಯಿತು. ಆ ವ್ಯವಸ್ಥೆಯನ್ನು ಸರಿಪಡಿಸಿ ನಡೆಸಿಕೊಂಡು ಹೋಗುವ ಒಟ್ಟು ಖರ್ಚು ಸುಮಾರು 120 ಕೋಟಿ ಆಸ್ಟ್ರೇಲಿಯನ್ ಡಾಲರ್ ಎಂದು ಅಂದಾಜಾಯಿತು, ಮತ್ತು 2013ರಲ್ಲಿ ವಿಚಾರಣಾ ಆಯೋಗವೇ ಕೂರಬೇಕಾಯಿತು. ಅಲ್ಲಿ ಅವಸರಕ್ಕೆ ಒಂದು ಕಾರಣವಿತ್ತು: ಹಳೆಯ ವೇತನ ವ್ಯವಸ್ಥೆಗೆ ತಯಾರಕರ ಬೆಂಬಲ ಆಗಲೇ ನಿಂತುಹೋಗಿತ್ತು. ಹಳೆಯದು ಯಾವಾಗ ಕುಸಿಯುವುದೋ ಎಂಬ ಭಯವೇ ಹೊಸದನ್ನು ಅರೆಬೆಂದ ಸ್ಥಿತಿಯಲ್ಲಿ ಚಾಲನೆಗೆ ತರುವಂತೆ ಮಾಡಿತು.

ಹಾಗಾದರೆ ಬದಲಿಸುವುದೇ ಬೇಡವೇ? ಖಂಡಿತ ನಾನು ಹಾಗೆ ಹೇಳುತ್ತಿಲ್ಲ. ಬದಲಿಸದೆ ಕೂರುವುದರ ಬೆಲೆಯೂ ಸಣ್ಣದಲ್ಲ. ಅಮೆರಿಕದ ಸೌತ್‌ವೆಸ್ಟ್ ವಿಮಾನಯಾನ ಸಂಸ್ಥೆ 2022ರ ಡಿಸೆಂಬರ್‌ನ ಚಳಿಗಾಳಿಯ ದಿನಗಳಲ್ಲಿ 16,000ಕ್ಕೂ ಹೆಚ್ಚು ಹಾರಾಟಗಳನ್ನು ರದ್ದುಮಾಡಬೇಕಾಯಿತು. ಚಳಿಗಾಳಿ ಉಳಿದ ಸಂಸ್ಥೆಗಳನ್ನೂ ಬಾಧಿಸಿತ್ತು; ಅವು ಚೇತರಿಸಿಕೊಂಡ ಮೇಲೂ ಈ ಸಂಸ್ಥೆ ತನ್ನ ಪೈಲಟ್ ಮತ್ತು ಸಿಬ್ಬಂದಿ ಎಲ್ಲಿದ್ದಾರೆಂದು ತಿಳಿದು ಅವರನ್ನು ಮತ್ತೆ ಕೆಲಸಕ್ಕೆ ಹೊಂದಿಸಲಾರದೆ ಒದ್ದಾಡಿತು, ಏಕೆಂದರೆ ಆ ಕೆಲಸದ ಹಳೆಯ ವ್ಯವಸ್ಥೆಗೆ ಅಷ್ಟೊಂದು ಬದಲಾವಣೆಗಳನ್ನು ಒಟ್ಟಿಗೆ ನಿಭಾಯಿಸುವ ಶಕ್ತಿ ಇರಲಿಲ್ಲ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಕೆಲಸ ಕಳೆದುಕೊಂಡವರ ಅರ್ಜಿಗಳು ಒಮ್ಮೆಲೇ ನುಗ್ಗಿದಾಗ, ಅಮೆರಿಕದ ನ್ಯೂಜೆರ್ಸಿ ರಾಜ್ಯದ ಗವರ್ನರ್, ಅವನ್ನು ನಿಭಾಯಿಸುವ ಹಳೆಯ ವ್ಯವಸ್ಥೆಗಾಗಿ ಕೋಬಾಲ್ ಬಲ್ಲ ಸ್ವಯಂಸೇವಕರು ಬೇಕೆಂದು ಬಹಿರಂಗವಾಗಿ ಕೇಳಿಕೊಂಡರು. ಅದು 1959ರಲ್ಲಿ ರೂಪುಗೊಳ್ಳತೊಡಗಿದ ಭಾಷೆ. ಅದರಲ್ಲಿ ಪಳಗಿದವರು ಒಬ್ಬೊಬ್ಬರಾಗಿ ನಿವೃತ್ತರಾಗುತ್ತಿದ್ದಾರೆ. ಆದ್ದರಿಂದ ಇರುವ ಪ್ರಶ್ನೆ ಬದಲಿಸುವುದು ಹೇಗೆ, ಯಾವ ವೇಗದಲ್ಲಿ, ಯಾರ ತಿಳಿವಳಿಕೆಯನ್ನು ಜೊತೆಗಿಟ್ಟುಕೊಂಡು ಎಂಬುದು.

ಮೊದಲ ಕೆಲಸ ಓದುವುದು. ಹಳೆಯ ಪ್ರೋಗ್ರಾಮುಗಳನ್ನು ಸಾಲುಸಾಲಾಗಿ ಓದಿಸಿ, ಯಾವ ನಿಯಮ ಇಂದಿಗೂ ಬೇಕು, ಯಾವುದು ಎಂದೋ ರದ್ದಾದ ಆದೇಶದ ಅವಶೇಷ ಎಂದು ಬೇರ್ಪಡಿಸಲು ತಿಂಗಳುಗಳು ಹಿಡಿಯುತ್ತವೆ. ಈ ಅವಧಿಯಲ್ಲಿ ತೋರಿಸಲು ಹೊಸ ಪರದೆಯೂ ಇರುವುದಿಲ್ಲ, ಉದ್ಘಾಟನೆಯೂ ಇರುವುದಿಲ್ಲ, ಹಾಗಾಗಿ ಆಡಳಿತ ಮಂಡಳಿಗಳಿಗೆ ಇದು ವ್ಯರ್ಥ ಕಾಲಹರಣವಾಗಿ ಕಾಣುತ್ತದೆ. ಬಳಕೆ ತಪ್ಪಿದ ಸತ್ತ ಸಂಕೇತವನ್ನು ಅಲ್ಲೇ ಬಿಟ್ಟರೆ ಏನು ನಷ್ಟ ಎಂದು ಕೇಳುವವರು ಅಮೆರಿಕದ ನೈಟ್ ಕ್ಯಾಪಿಟಲ್ ಸಂಸ್ಥೆಯ ಪ್ರಕರಣವನ್ನು ನೋಡಬೇಕು. 2012ರ ಆಗಸ್ಟ್ 1ರಂದು ಅದು ಷೇರು ವಹಿವಾಟಿನ ಹೊಸ ಪ್ರೋಗ್ರಾಮನ್ನು ಚಾಲನೆಗೆ ತಂದಿತು. ಎಂಟು ಸರ್ವರ್‌ಗಳ ಪೈಕಿ ಒಂದಕ್ಕೆ ಅದನ್ನು ಹಾಕುವುದು ಬಿಟ್ಟುಹೋಗಿತ್ತು. ಹೊಸ ಪ್ರೋಗ್ರಾಮು ಬಳಸಿದ ಗುರುತುಚಿಹ್ನೆಯನ್ನೇ ವರ್ಷಗಳ ಹಿಂದೆ ಬಳಕೆ ತಪ್ಪಿದ್ದ ಬೇರೊಂದು ಕಾರ್ಯವೂ ಬಳಸುತ್ತಿತ್ತು, ಆ ಒಂದು ಸರ್ವರಿನಲ್ಲಿ ಆ ಹಳೆಯ ಕಾರ್ಯ ಎಚ್ಚೆತ್ತುಕೊಂಡು ಲೆಕ್ಕವಿಲ್ಲದಷ್ಟು ಖರೀದಿ ಮತ್ತು ಮಾರಾಟದ ಆದೇಶಗಳನ್ನು ಕಳಿಸತೊಡಗಿತು. ಸುಮಾರು 45 ನಿಮಿಷಗಳಲ್ಲಿ ಆದ ನಷ್ಟ 44 ಕೋಟಿ ಡಾಲರಿಗೂ ಮಿಕ್ಕದ್ದು.

ಎರಡನೆಯದು, ಒಂದೇ ರಾತ್ರಿಯಲ್ಲಿ ಎಲ್ಲವನ್ನೂ ಬದಲಿಸುವ ಆಸೆಯನ್ನು ಬಿಡುವುದು. ಹಳೆಯ ವ್ಯವಸ್ಥೆಯ ಮುಂದೆ ಒಂದು ತೆಳುವಾದ ಪದರವನ್ನಿಟ್ಟು, ಬರುವ ಪ್ರತಿಯೊಂದು ಕೋರಿಕೆಯೂ ಅದರ ಮೂಲಕವೇ ಹೋಗುವಂತೆ ಮಾಡಿ, ಒಂದು ಬಗೆಯ ಕೋರಿಕೆಯನ್ನು ಮಾತ್ರ ಹೊಸದಕ್ಕೆ ತಿರುಗಿಸುವುದು. ಅದು ನೆಲೆನಿಂತ ಮೇಲೆ ಇನ್ನೊಂದನ್ನು ತಿರುಗಿಸುವುದು. ಇದು ನಿಧಾನದ ದಾರಿ, ಖರ್ಚಿನ ದಾರಿಯೂ ಹೌದು, ಏಕೆಂದರೆ ಎರಡೂ ವ್ಯವಸ್ಥೆಗಳನ್ನು ವರ್ಷಗಟ್ಟಲೆ ಜೊತೆಯಲ್ಲಿ ಸಾಕಬೇಕು. ಹೊಸ ವೇತನ ವ್ಯವಸ್ಥೆಯಾದರೆ ಕನಿಷ್ಠ ಕೆಲವು ತಿಂಗಳು ಎರಡರಲ್ಲೂ ಸಂಬಳ ಲೆಕ್ಕ ಹಾಕಿ, ಒಬ್ಬೊಬ್ಬ ನೌಕರರ ಮೊತ್ತವನ್ನೂ ಹೋಲಿಸಬೇಕು. ವರ್ಷಾಂತ್ಯದ ಲೆಕ್ಕ, ಮುಂಬಡ್ತಿ, ನಡುವೆ ರಾಜೀನಾಮೆ, ಹೆರಿಗೆ ರಜೆ ಮುಗಿಸಿ ಮರಳಿದವರು, ಹೀಗೆ ಅಪರೂಪಕ್ಕೆ ಬರುವ ಪ್ರಸಂಗಗಳೇ ತಪ್ಪುಗಳನ್ನು ಹೊರಗೆಡಹುತ್ತವೆ. ಹತ್ತು ಸಾವಿರ ಮಾಮೂಲಿ ಸಂಬಳಗಳು ತಾಳೆಯಾದವೆಂದು ಸಮಾಧಾನಪಟ್ಟುಕೊಳ್ಳುವಂತಿಲ್ಲ.

ಹಿಂದಿರುಗುವ ದಾರಿಯ ಬಗ್ಗೆ ಇನ್ನಷ್ಟು ಬಿಡಿಸಿ ಹೇಳಬೇಕು. ತೊಂದರೆಯಾದರೆ ಹಳೆಯದಕ್ಕೇ ಮರಳುತ್ತೇವೆ ಎಂದು ಪ್ರತಿಯೊಂದು ಯೋಜನಾ ಪತ್ರದಲ್ಲೂ ಬರೆದಿರುತ್ತದೆ. ಆದರೆ ಸೋಮವಾರ ಬೆಳಿಗ್ಗೆ ಹೊಸ ವ್ಯವಸ್ಥೆಯಲ್ಲಿ ಮೊದಲ ಗ್ರಾಹಕ ಹಣ ಕಟ್ಟಿದ ಕ್ಷಣದಿಂದ ಹಳೆಯದರಲ್ಲಿರುವ ಲೆಕ್ಕ ಹಿಂದೆ ಬೀಳುತ್ತದೆ. ಮಧ್ಯಾಹ್ನದ ಹೊತ್ತಿಗೆ ಮರಳಬೇಕೆಂದರೆ ಅಷ್ಟರಲ್ಲಿ ನಡೆದ ವ್ಯವಹಾರಗಳನ್ನೆಲ್ಲ ಹಳೆಯ ರೂಪಕ್ಕೆ ತಿರುಗಿಸಿ ಅಲ್ಲಿಗೆ ಸೇರಿಸುವ ಪ್ರೋಗ್ರಾಮು ಸಿದ್ಧವಾಗಿರಬೇಕು, ಅದನ್ನೂ ಪರೀಕ್ಷಿಸಿರಬೇಕು. ಮುಂದಕ್ಕೆ ಸಾಗಿಸುವ ಪ್ರೋಗ್ರಾಮಿಗೆ ಹಣವಿಟ್ಟ ಸಂಸ್ಥೆಗಳು ಹಿಂದಕ್ಕೆ ತರುವ ಪ್ರೋಗ್ರಾಮಿಗೆ ಹಣವಿಡುವುದು ವಿರಳ. ಅದಿಲ್ಲದಿದ್ದರೆ ಹಿಂದಿರುಗುವ ದಾರಿ ಕಾಗದದ ಮೇಲಷ್ಟೇ ಇದೆ ಎಂದು ಆಡಳಿತ ಮಂಡಳಿಗೆ ಮೊದಲೇ ನೇರವಾಗಿ ತಿಳಿಸುವುದು ತಂತ್ರಜ್ಞರ ಕರ್ತವ್ಯ.

ಚಾಲನೆಯ ದಿನಾಂಕವನ್ನು ಮೊದಲು ಘೋಷಿಸಿ, ಆಮೇಲೆ ಕೆಲಸವನ್ನು ಅದರೊಳಗೆ ತುರುಕುವ ಪದ್ಧತಿಯೂ ನಿಲ್ಲಬೇಕು. ದಿನಾಂಕ ಸಮೀಪಿಸಿದಾಗ ಮೊದಲು ಕತ್ತರಿ ಬೀಳುವುದು ಪರೀಕ್ಷೆಗೆ. ಟಿಎಸ್‌ಬಿ ಮತ್ತು ಫೀನಿಕ್ಸ್ ಎರಡರಲ್ಲೂ ಸಾಕಷ್ಟು ಪರೀಕ್ಷೆ ಆಗಿರಲಿಲ್ಲ. ಇನ್ನೂ ಸಿದ್ಧವಾಗಿಲ್ಲ ಎಂದು ಹೇಳುವ ಎಂಜಿನಿಯರನ್ನು ಅಡ್ಡಿಪಡಿಸುವವನೆಂದು ನೋಡುವ ಸಂಸ್ಥೆಯಲ್ಲಿ, ಆ ಮಾತು ಮೇಲಿನ ಮೆಟ್ಟಿಲು ಹತ್ತುವಷ್ಟರಲ್ಲಿ ಬಹುತೇಕ ಸಿದ್ಧವಾಗಿದೆ ಎಂಬ ರೂಪ ತಾಳಿರುತ್ತದೆ.

ಕೊನೆಯದಾಗಿ, ಹೊಸ ವ್ಯವಸ್ಥೆ ಚೆನ್ನಾಗಿ ನಡೆಯುತ್ತಿದೆ ಎಂದಾದ ಮೇಲೂ ಹಳೆಯದನ್ನು ಸ್ಥಗಿತಗೊಳಿಸುವಾಗ ಅವಸರ ಸಲ್ಲದು. ಚಾಲ್ತಿಯಲ್ಲಿರುವ ದಾಖಲೆಗಳು ಮಾತ್ರ ಹೊಸದಕ್ಕೆ ಬಂದಿರುತ್ತವೆ. ಹತ್ತು ಇಪ್ಪತ್ತು ವರ್ಷಗಳ ಹಿಂದಿನವು ಹಳೆಯ ಟೇಪುಗಳಲ್ಲಿ, ಹಳೆಯ ಪ್ರೋಗ್ರಾಮು ಮಾತ್ರ ಓದಬಲ್ಲ ರೂಪದಲ್ಲಿ ಉಳಿದಿರುತ್ತವೆ. ಮುಂದೊಂದು ದಿನ ನಿವೃತ್ತಿಗೆ ಬಂದ ನೌಕರರೊಬ್ಬರ ಪಿಂಚಣಿ ಲೆಕ್ಕಕ್ಕೆ ಅವರು ಸೇವೆಗೆ ಸೇರಿದ ವರ್ಷದ ದಾಖಲೆ ಬೇಕಾಗುತ್ತದೆ, ಅಥವಾ ನ್ಯಾಯಾಲಯವೊಂದು ಹಳೆಯ ವಿಮಾ ಪಾಲಿಸಿಯ ವಿವರ ಕೇಳುತ್ತದೆ. ಆ ಟೇಪುಗಳನ್ನು ಓದುವ ಯಂತ್ರ ಕೆಲಸ ಮಾಡುತ್ತಿರುವಾಗಲೇ, ಅವುಗಳ ವಿನ್ಯಾಸ ಬಲ್ಲವರು ಇನ್ನೂ ಸೇವೆಯಲ್ಲಿರುವಾಗಲೇ, ಎಲ್ಲವನ್ನೂ ಯಾರು ಬೇಕಾದರೂ ಓದಬಹುದಾದ ಸರಳ ರೂಪಕ್ಕೆ ತಂದು, ಪ್ರತಿ ಕಾಲಮ್ಮಿನ ಅರ್ಥವನ್ನೂ ಜೊತೆಯಲ್ಲಿ ಬರೆದಿಡಬೇಕು. ಯೋಜನೆಯ ಅಂದಾಜುಪಟ್ಟಿಯಲ್ಲಿ ಈ ಕೆಲಸಕ್ಕೆ ಪ್ರತ್ಯೇಕ ಹಣ, ಪ್ರತ್ಯೇಕ ಅವಧಿ ಮತ್ತು ಹೊಣೆ ಹೊರುವ ಒಬ್ಬರ ಹೆಸರು ಮೊದಲ ದಿನವೇ ಸೇರಿರಬೇಕು.