ಫೋನ್ ಬರದ ವರ್ಷಗಳಲ್ಲಿ ಕೀ ಹುಯಿ ಕ್ವಾನ್

ಎಲ್ಲರಿಗೂ ನಮಸ್ಕಾರ.

ಸಿನಿಮಾ ನಟರ ಕಷ್ಟದ ಕಥೆ ಅಂದ್ರೆ ಅದಕ್ಕೊಂದು ಅಚ್ಚು ಇದೆ. ಕುಡಿತ, ಸಾಲ, ಕೋರ್ಟು, ಕೈಕೊಟ್ಟ ನಿರ್ಮಾಪಕ, ಆಮೇಲೊಂದು ಹಿಟ್ ಸಿನಿಮಾ, ಚಪ್ಪಾಳೆ. ಇವತ್ತು ನಾನು ಹೇಳಹೊರಟಿರುವ ನಟನ ಬದುಕಿನಲ್ಲಿ ಇದ್ಯಾವುದೂ ಇಲ್ಲ. ಯಾವ ಹಗರಣದಲ್ಲೂ ಅವರ ಹೆಸರು ಕೇಳಿಬರಲಿಲ್ಲ. ಬೈಯೋಣ ಅಂದ್ರೆ ಒಬ್ಬ ಖಳನಾಯಕನೂ ಸಿಗುವುದಿಲ್ಲ. ಆಗಿದ್ದು ಇಷ್ಟೇ, ಫೋನ್ ಬರುವುದು ನಿಂತುಹೋಯಿತು. ನಿಂತದ್ದು ಒಂದೆರಡು ವರ್ಷಕ್ಕಲ್ಲ, ಹೆಚ್ಚುಕಡಿಮೆ ಅರ್ಧ ಆಯಸ್ಸಿಗೆ.

ಅವರ ಹೆಸರು ಕೀ ಹುಯಿ ಕ್ವಾನ್. ಹುಟ್ಟಿದ್ದು 1971ರಲ್ಲಿ, ವಿಯೆಟ್ನಾಂನ ಸೈಗಾನ್‌ನಲ್ಲಿ. ಚೀನೀ ಮೂಲದ ಕುಟುಂಬ, ಮನೆ ತುಂಬಾ ಮಕ್ಕಳು. ಯುದ್ಧ ಮುಗಿದ ಮೇಲೆ ಅಲ್ಲಿ ಬದುಕುವುದು ಕಷ್ಟ ಅನ್ನಿಸಿ 1978ರಲ್ಲಿ ಮನೆಯವರು ದೇಶ ಬಿಟ್ಟರು. ಅದೂ ಎಲ್ಲರೂ ಒಟ್ಟಿಗಲ್ಲ. ಅಪ್ಪ ಕೀ ಮತ್ತು ಇನ್ನೂ ಐದು ಮಕ್ಕಳನ್ನು ಕರೆದುಕೊಂಡು ದೋಣಿಯಲ್ಲಿ ಹಾಂಗ್‌ಕಾಂಗ್ ಕಡೆ ಹೋದರು, ಅಮ್ಮ ಉಳಿದ ಮೂವರ ಜೊತೆ ಮಲೇಷ್ಯಾ ಕಡೆ. ಯೋಚನೆ ಮಾಡಿ, ಯಾವ ಮಕ್ಕಳು ಯಾರ ಜೊತೆ ಅಂತ ಗಂಡ ಹೆಂಡತಿ ಕೂತು ಪಾಲು ಮಾಡಬೇಕು. ಮತ್ತೆ ಸೇರುತ್ತೇವೋ ಇಲ್ಲವೋ ಅನ್ನುವ ಖಾತ್ರಿ ಇಬ್ಬರಿಗೂ ಇಲ್ಲ. ಏಳು ವರ್ಷದ ಆ ಹುಡುಗ ಸುಮಾರು ಒಂದು ವರ್ಷ ಹಾಂಗ್‌ಕಾಂಗ್‌ನ ನಿರಾಶ್ರಿತರ ಶಿಬಿರದಲ್ಲಿ ಕಳೆದ. 1979ರಲ್ಲಿ ಅಮೆರಿಕ ಸೇರಿದ ಮೇಲಷ್ಟೇ ಕುಟುಂಬ ಮತ್ತೆ ಒಂದಾಯಿತು.

ಲಾಸ್ ಏಂಜಲೀಸ್‌ನ ಚೈನಾಟೌನ್‌ನಲ್ಲಿ ಅವನ ಶಾಲೆ. ಸ್ಟೀವನ್ ಸ್ಪೀಲ್‌ಬರ್ಗ್ ಹೊಸ ಸಿನಿಮಾಕ್ಕೆ ಒಬ್ಬ ಏಷ್ಯನ್ ಹುಡುಗ ಬೇಕು ಅಂತ ಸಿನಿಮಾದವರು ಅಲ್ಲಿಗೆ ಬಂದರು. ಆಡಿಷನ್ ಕೊಡಲು ಹೋದವನು ಕೀ ಅಲ್ಲ, ಅವನ ತಮ್ಮ. ಇವನು ಜೊತೆಗೆ ಹೋಗಿದ್ದ ಅಷ್ಟೇ. ಆದರೆ ಸುಮ್ನೆ ನಿಲ್ಲುವ ಜಾಯಮಾನ ಅವನದಲ್ಲ. ಕ್ಯಾಮೆರಾ ಹಿಂದೆ ನಿಂತು ತಮ್ಮನಿಗೆ ಹೀಗೆ ಮಾಡು, ಹಾಗೆ ಮಾಡು ಅಂತ ಹೇಳಿಕೊಡುತ್ತಿದ್ದ. ಅದು ಅವರ ಕಣ್ಣಿಗೆ ಬಿತ್ತು. ನೀನೇ ಮಾಡಿ ತೋರಿಸು ನೋಡೋಣ ಅಂದರು. ಮಾಡಿ ತೋರಿಸಿದ. ಸ್ಪೀಲ್‌ಬರ್ಗ್ ನೋಡಬೇಕಂತೆ ಅಂತ ಕರೆ ಬಂದಾಗ ಅಮ್ಮ ಅವನಿಗೆ ಕೋಟು, ವೇಸ್ಟ್‌ಕೋಟು ಎಲ್ಲ ತೊಡಿಸಿ ದೊಡ್ಡವರ ಹಾಗೆ ಸೂಟಿನಲ್ಲಿ ಕಳಿಸಿದರು. ಆಗ ಅವನಿಗೆ 12 ಕೂಡ ತುಂಬಿರಲಿಲ್ಲ.

ಹೀಗೆ ಸಿಕ್ಕಿದ್ದು 1984ರ ‘ಇಂಡಿಯಾನಾ ಜೋನ್ಸ್ ಅಂಡ್ ದ ಟೆಂಪಲ್ ಆಫ್ ಡೂಮ್’ ಚಿತ್ರದ ಶಾರ್ಟ್ ರೌಂಡ್ ಪಾತ್ರ. ಹ್ಯಾರಿಸನ್ ಫೋರ್ಡ್ ಜೊತೆ ಚಿತ್ರದುದ್ದಕ್ಕೂ ಓಡುವ, ತಲೆಗೆ ಬೇಸ್‌ಬಾಲ್ ಟೋಪಿ ಹಾಕಿಕೊಂಡ ಹುಡುಗ. ನಮ್ಮ ಅಮರೀಶ್ ಪುರಿ ತಲೆ ಬೋಳಿಸಿಕೊಂಡು ಮೋಲಾ ರಾಮ್ ಆಗಿದ್ದರಲ್ವಾ, ಅದೇ ಸಿನಿಮಾ. ಕಥೆ ನಡೆಯುವುದು ಭಾರತದಲ್ಲಿ, ಆದರೆ ಚಿತ್ರಕಥೆ ನಮ್ಮ ಸರ್ಕಾರಕ್ಕೆ ಒಪ್ಪಿಗೆಯಾಗದೆ ಶೂಟಿಂಗ್ ಶ್ರೀಲಂಕಾಕ್ಕೆ ಹೋಯಿತು. ನಮ್ಮ ಊಟದ ಬಗ್ಗೆ, ಕಾಳಿಯ ಬಗ್ಗೆ ಅವರು ತೋರಿಸಿದ್ದನ್ನು ಈಗ ನೋಡಿದರೂ ನನಗೆ ಮೈ ಉರಿಯುತ್ತದೆ, ಅದು ಬೇರೆ ಮಾತು. ಆದರೆ ಆ ಹುಡುಗನ ಮೇಲೆ ಕೋಪ ಮಾಡಿಕೊಳ್ಳಲು ಆಗುವುದಿಲ್ಲ. ಅಷ್ಟು ಚುರುಕು. ಮಾರನೇ ವರ್ಷವೇ ‘ದ ಗೂನೀಸ್’ ಬಂತು. ಅದೂ ಗೆದ್ದಿತು.

ಎರಡು ಸಿನಿಮಾ, ಎರಡೂ ಹಿಟ್, ಪ್ರಪಂಚಕ್ಕೆಲ್ಲ ಗೊತ್ತಾದ ಮುಖ. ಇನ್ನೇನು ಬೇಕು ಅಂತ ಅನ್ನಿಸುತ್ತದೆ.

ಆದರೆ ಆ ಕಾಲದ ಹಾಲಿವುಡ್‌ನಲ್ಲಿ ಏಷ್ಯನ್ ಹುಡುಗನಿಗೆ ಚೂಟಿ ಪೋರನ ಪಾತ್ರ ಇತ್ತು, ಏಷ್ಯನ್ ಗಂಡಸಿಗೆ ಪಾತ್ರವೇ ಇರಲಿಲ್ಲ. ಮೀಸೆ ಮೂಡುವ ಹೊತ್ತಿಗೆ ಕೆಲಸ ಕಡಿಮೆಯಾಯಿತು. ಎರಡೋ ಮೂರೋ ಡೈಲಾಗ್ ಇರುವ ಒಂದು ಪಾತ್ರ, ಅದಕ್ಕೇ ಕೋಣೆ ತುಂಬಾ ನಟರು, ಎಲ್ಲರೂ ಏಷ್ಯನ್ನರೇ. ಇಂಥ ಆಡಿಷನ್‌ಗಳ ಬಗ್ಗೆ ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಹೆಸರು ಅಮೆರಿಕನ್ನರ ನಾಲಿಗೆಗೆ ಹೊರಳುವಂತಿದ್ದರೆ ಕೆಲಸ ಸಿಗಬಹುದು ಅಂತ ಸಲಹೆ ಬಂತು, ಜೊನಾಥನ್ ಕೀ ಕ್ವಾನ್ ಅಂತ ಬದಲಾಯಿಸಿಕೊಂಡರು. ಏನೂ ಆಗಲಿಲ್ಲ. ಈ ಹೆಸರಿನ ಸಂಗತಿ ನನಗೆ ಎಲ್ಲಕ್ಕಿಂತ ಜಾಸ್ತಿ ಚುಚ್ಚುತ್ತದೆ. ದೇಶ ಹೋಯಿತು, ಕೆಲಸ ಹೋಯಿತು, ಕೊನೆಗೆ ಅಪ್ಪ ಅಮ್ಮ ಇಟ್ಟ ಹೆಸರನ್ನೂ ಪಕ್ಕಕ್ಕಿಟ್ಟು ಬಾಗಿಲು ತಟ್ಟಿದರೂ ಯಾರೂ ತೆಗೆಯಲಿಲ್ಲ ಅಂದ್ರೆ ಹೇಗಾಗಿರಬೇಡ?

1992ರಲ್ಲಿ ‘ಎನ್ಸಿನೋ ಮ್ಯಾನ್’ ಅಂತ ಒಂದು ತಮಾಷೆ ಸಿನಿಮಾದಲ್ಲಿ ಸಣ್ಣ ಪಾತ್ರ ಮಾಡಿದರು. ಅದರಲ್ಲಿ ಬ್ರೆಂಡನ್ ಫ್ರೇಸರ್ ಕೂಡ ಇದ್ದರು. ಈ ಹೆಸರು ನೆನಪಿಟ್ಟುಕೊಳ್ಳಿ.

ಆಮೇಲೆ ಕ್ವಾನ್ ಒಂದು ತೀರ್ಮಾನಕ್ಕೆ ಬಂದರು. ನಟನೆ ಬಿಡುವುದು, ಸಿನಿಮಾ ಬಿಡುವುದಲ್ಲ. ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಿನಿಮಾ ಶಾಲೆಗೆ ಸೇರಿ ಓದಿದರು. ಇಂಡಿಯಾನಾ ಜೋನ್ಸ್ ಸೆಟ್‌ನಲ್ಲೇ ಸಮರಕಲೆ ಕಲಿತಿದ್ದರಲ್ಲ, ಅದೀಗ ಅನ್ನಕ್ಕೆ ದಾರಿಯಾಯಿತು. ಹಾಂಗ್‌ಕಾಂಗ್‌ನ ಹೆಸರಾಂತ ಫೈಟ್ ಮಾಸ್ಟರ್ ಕೋರಿ ಯೂನ್ ಇವರನ್ನು ತಮ್ಮ ಸಹಾಯಕ್ಕೆ ಕರೆದರು. 2000ದಲ್ಲಿ ಬಂದ ‘ಎಕ್ಸ್-ಮೆನ್’ ಚಿತ್ರದ ಹೊಡೆದಾಟಗಳ ಹಿಂದೆ ಕ್ವಾನ್ ಇದ್ದಾರೆ. 2001ರಲ್ಲಿ ಜೆಟ್ ಲೀ ನಟಿಸಿದ ‘ದ ಒನ್’ ಚಿತ್ರಕ್ಕೂ ದುಡಿದರು. ಮುಂದೆ ವಾಂಗ್ ಕಾರ್-ವಾಯ್ ನಿರ್ದೇಶನದ ‘2046’ ಚಿತ್ರಕ್ಕೆ ಸಹಾಯಕ ನಿರ್ದೇಶಕ.

ಒಂದು ಕಾಲಕ್ಕೆ ಸ್ಪೀಲ್‌ಬರ್ಗ್ ಹುಡುಕಿ ಆರಿಸಿದ ನಟ, ಈಗ ಬೇರೆ ನಟರಿಗೆ ಕೈ ಹೀಗೆ ಬೀಸು, ಕಾಲು ಇಲ್ಲಿಡು ಅಂತ ಹೇಳಿಕೊಟ್ಟು, ‘ಆಕ್ಷನ್’ ಅಂದ ತಕ್ಷಣ ಚೌಕಟ್ಟಿನಿಂದ ಹೊರಗೆ ಸರಿದು ನಿಲ್ಲಬೇಕು. ದಿನಾ ಅದೇ ಕೆಲಸ. ನಾನು ಮೊದಲು ಯಾರಾಗಿದ್ದೆ ಗೊತ್ತಾ ಅಂತ ಒಳಗೆ ಕುದಿಯುವವರು ಈ ಕೆಲಸದಲ್ಲಿ ಒಂದು ವಾರ ಬಾಳುವುದಿಲ್ಲ. ಇವರು ವರ್ಷಗಟ್ಟಲೆ ಬಾಳಿದರು. ಛಲ ಅಂದ್ರೆ ಹಲ್ಲು ಕಚ್ಚಿಕೊಂಡು ಮುಷ್ಟಿ ಬಿಗಿಹಿಡಿಯುವುದು ಅಂದುಕೊಂಡಿದ್ದೇವೆ, ಇವರ ಛಲಕ್ಕೆ ಅಂಥ ಗತ್ತೇ ಇರಲಿಲ್ಲ.

2018ರಲ್ಲಿ ‘ಕ್ರೇಜಿ ರಿಚ್ ಏಷಿಯನ್ಸ್’ ಬಂತು. ಪಾತ್ರವರ್ಗದಲ್ಲಿ ಬಹುತೇಕ ಎಲ್ಲರೂ ಏಷ್ಯನ್ನರೇ, ಮತ್ತೆ ಜನ ಮುಗಿಬಿದ್ದು ನೋಡಿದರು. ಅದನ್ನು ನೋಡುತ್ತಾ ಕ್ವಾನ್ ಅತ್ತರಂತೆ. ನಾನೂ ಅಲ್ಲಿ ಇರಬೇಕಿತ್ತಲ್ಲ ಅನ್ನುವ ಆಸೆ ಮತ್ತೆ ಎದ್ದು ಕೂತಿತು. ವಯಸ್ಸು ಐವತ್ತರ ಹತ್ತಿರ. ಆದರೂ ಪರಿಚಯದ ಏಜೆಂಟ್ ಒಬ್ಬರಿಗೆ ಹೇಳಿ ಮತ್ತೆ ಪಾತ್ರ ಹುಡುಕತೊಡಗಿದರು. ಈ ಸಲ ಹುಟ್ಟಿದಾಗ ಇಟ್ಟ ಹೆಸರಿನಲ್ಲೇ.

ಇಲ್ಲಿ ಅದೃಷ್ಟದ ಪಾಲು ಇದೆ, ಮುಚ್ಚಿಡುವುದು ಬೇಡ. ಡೇನಿಯಲ್ ಕ್ವಾನ್ ಮತ್ತು ಡೇನಿಯಲ್ ಶೈನರ್ಟ್ ಅಂತ ಇಬ್ಬರು ನಿರ್ದೇಶಕರು ತಮ್ಮ ಹೊಸ ಸಿನಿಮಾದಲ್ಲಿ ನಟಿ ಮಿಶೆಲ್ ಯೋ ಅವರ ಗಂಡನ ಪಾತ್ರಕ್ಕೆ ನಟನನ್ನು ಹುಡುಕುತ್ತಿದ್ದರು. ಯಾರೂ ಸರಿಹೊಂದುತ್ತಿರಲಿಲ್ಲ. ಟ್ವಿಟರ್‌ನಲ್ಲಿ ಯಾರೋ ಶಾರ್ಟ್ ರೌಂಡ್ ಬಗ್ಗೆ ಮಾಡಿದ ಜೋಕ್ ಕಣ್ಣಿಗೆ ಬಿದ್ದು, ಅರೆ, ಆ ಹುಡುಗ ಈಗ ಎಲ್ಲಿದ್ದಾನೆ ಅಂತ ಡೇನಿಯಲ್ ಕ್ವಾನ್ ಹುಡುಕಿದರು. ಆ ಜೋಕ್ ಒಂದು ವರ್ಷ ಮೊದಲು ಬಂದಿದ್ದರೆ? ಆಗ ಇವರು ನಟನೇ ಅಲ್ಲ! ಹೀಗೆ ಕಾದವರಿಗೆಲ್ಲ ಕರೆ ಬರುತ್ತದೆ ಅಂತ ನಾನು ನಿಮಗೆ ಹೇಳಲಾರೆ. ಬರದವರ ಕಥೆ ಬಾನುಲಿಗೂ ಬರುವುದಿಲ್ಲ, ಅಷ್ಟೇ.

ಆದರೆ ಕರೆ ಬಂದ ಮೇಲೆ ಅವರು ಮಾಡಿದ್ದು ನೋಡಿ. ನಟನೆಗೊಬ್ಬರು, ಮಾತಿಗೊಬ್ಬರು, ಮೈ ಚಲನೆಗೊಬ್ಬರು ಅಂತ ತರಬೇತುದಾರರನ್ನು ಇಟ್ಟುಕೊಂಡು ಮತ್ತೆ ಕಲಿತರು. ‘ಎವೆರಿಥಿಂಗ್ ಎವೆರಿವೇರ್ ಆಲ್ ಅಟ್ ಒನ್ಸ್’ ಚಿತ್ರದಲ್ಲಿ ಅವರ ವೇಮಂಡ್ ಪಾತ್ರಕ್ಕೆ ಮೂರು ರೂಪ. ಲಾಂಡ್ರಿ ಅಂಗಡಿಯ ಸಾಧು ಗಂಡ, ಇನ್ನೊಂದು ಜಗತ್ತಿನ ಹೋರಾಟಗಾರ, ಮತ್ತೊಂದು ಜಗತ್ತಿನ ಶ್ರೀಮಂತ. ಒಂದೊಂದಕ್ಕೆ ಒಂದೊಂದು ಪ್ರಾಣಿಯನ್ನು ಮನಸ್ಸಲ್ಲಿ ಇಟ್ಟುಕೊಂಡರು. ಗಂಡನಿಗೆ ಅಳಿಲು, ಹೋರಾಟಗಾರನಿಗೆ ಹದ್ದು, ಶ್ರೀಮಂತನಿಗೆ ನರಿ. ತೆರಿಗೆ ಕಚೇರಿಯ ದೃಶ್ಯ ಸಿಕ್ಕರೆ ನೋಡಿ. ಕನ್ನಡಕ ಹಾಕಿಕೊಂಡು, ಭುಜ ಕುಗ್ಗಿಸಿಕೊಂಡು ನಿಂತಿದ್ದ ಮನುಷ್ಯನ ಬೆನ್ನು ಒಂದೇ ಕ್ಷಣದಲ್ಲಿ ನೆಟ್ಟಗಾಗುತ್ತದೆ, ಸೊಂಟಕ್ಕೆ ಕಟ್ಟಿಕೊಂಡಿದ್ದ ಚೀಲವನ್ನೇ ಬಿಚ್ಚಿ ಬೀಸಿ ಬೀಸಿ ಸೆಕ್ಯುರಿಟಿ ಗಾರ್ಡ್‌ಗಳನ್ನು ಮಲಗಿಸುತ್ತಾನೆ. ಫೈಟ್ ಮಾಸ್ಟರ್ ಜೊತೆ ದುಡಿದ ವರ್ಷಗಳು ಅಲ್ಲಿ ಕಾಣುತ್ತವೆ. ಇನ್ನು ಆ ಶ್ರೀಮಂತ ವೇಮಂಡ್ ರಾತ್ರಿ ಓಣಿಯಲ್ಲಿ ನಿಂತು ಮಾತಾಡುವ ದೃಶ್ಯ ಇದೆಯಲ್ಲ, ಅದರ ಬೆಳಕು, ಬಣ್ಣ ಎಲ್ಲ ವಾಂಗ್ ಕಾರ್-ವಾಯ್ ಶೈಲಿಯದು. ಯಾರ ಹತ್ತಿರ ಸಹಾಯಕನಾಗಿದ್ದರೋ ಅವರ ಸಿನಿಮಾದ ನಾಯಕನ ಹಾಗೆ ಇವರು ಅಲ್ಲಿ ನಿಂತಿದ್ದಾರೆ.

ಶೂಟಿಂಗ್ ಮುಗಿದದ್ದು 2020ರ ಮಾರ್ಚ್‌ನಲ್ಲಿ. ಸರಿಯಾಗಿ ಕೊರೊನಾ ಲಾಕ್‌ಡೌನ್ ಹೊತ್ತಿಗೆ. ಸಿನಿಮಾ ಡಬ್ಬದಲ್ಲೇ ಕೂತಿತು, ಎರಡು ವರ್ಷ. ಈ ಎರಡು ವರ್ಷವನ್ನು ಎಲ್ಲರೂ ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ, ನನಗೆ ಅದೇ ಹೆಚ್ಚು ಕಷ್ಟದ ಕಾಲ ಅನ್ನಿಸುತ್ತದೆ. ಮೊದಲ ಸಲ ಕೆಲಸ ನಿಂತಾಗ ಹುಡುಗಾಟದ ವಯಸ್ಸು, ಬೇರೆ ದಾರಿ ಇತ್ತು. ಈಗ ಮತ್ತೆ ಆಸೆ ಹುಟ್ಟಿಸಿಕೊಂಡು, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಮಾಡಿದ ಕೆಲಸ ಯಾರ ಕಣ್ಣಿಗೂ ಬಿದ್ದಿಲ್ಲ. ಹೊಸ ಕೆಲಸ ಹುಡುಕಿದರೆ ಸಿಗುತ್ತಿಲ್ಲ. ಅಮೆರಿಕದಲ್ಲಿ ನಟರ ಸಂಘದ ಆರೋಗ್ಯ ವಿಮೆ ಉಳಿಯಬೇಕಾದರೆ ವರ್ಷಕ್ಕೆ ಇಂತಿಷ್ಟು ಸಂಪಾದನೆ ಇರಲೇಬೇಕು. ಇವರಿಗೆ ಅಷ್ಟೂ ಆಗಲಿಲ್ಲ, ವಿಮೆ ಹೋಯಿತು. ಹಳೆಯದೇ ಮತ್ತೆ ಶುರುವಾಯಿತಾ ಅಂತ ಭಯವಾಗಿತ್ತು ಅಂತ ಅವರೇ ಆಮೇಲೆ ಹೇಳಿದ್ದಾರೆ.

2022ರ ಮಾರ್ಚ್‌ನಲ್ಲಿ ಸಿನಿಮಾ ತೆರೆಗೆ ಬಂತು. ಮುಂದಿನದು ನಿಮಗೆ ಗೊತ್ತಿರಬಹುದು. 2023ರ ಮಾರ್ಚ್ 12ರ ಆಸ್ಕರ್ ಸಮಾರಂಭದಲ್ಲಿ ಆ ಚಿತ್ರಕ್ಕೆ 7 ಪ್ರಶಸ್ತಿ, ಅದರಲ್ಲಿ ಪೋಷಕ ನಟ ಪ್ರಶಸ್ತಿ ಕ್ವಾನ್‌ಗೆ. ವೇದಿಕೆ ಮೇಲೆ ನಿಂತು, ಮನೆಯಲ್ಲಿ ಟಿವಿ ನೋಡುತ್ತಿದ್ದ 84 ವರ್ಷದ ಅಮ್ಮನಿಗೆ, ಅಮ್ಮಾ ನನಗೆ ಆಸ್ಕರ್ ಬಂತು ಅಂತ ಅಳುತ್ತಾ ಹೇಳಿದರು. ಅದೇ ರಾತ್ರಿ ‘ದ ವೇಲ್’ ಚಿತ್ರಕ್ಕೆ ಅತ್ಯುತ್ತಮ ನಟ ಪ್ರಶಸ್ತಿ ಪಡೆದವರು ಬ್ರೆಂಡನ್ ಫ್ರೇಸರ್. ಅವರೂ ಗಾಯ, ಸಾಲು ಸಾಲು ಆಪರೇಷನ್ ಅಂತ ಮೂಲೆ ಸೇರಿದ್ದವರು. ಇನ್ನು ಅತ್ಯುತ್ತಮ ಚಿತ್ರದ ಹೆಸರು ಓದಲು ಬಂದವರು ಯಾರು ಅಂತೀರಿ? ಹ್ಯಾರಿಸನ್ ಫೋರ್ಡ್! ಕ್ವಾನ್ ಓಡಿ ಹೋಗಿ ತಬ್ಬಿಕೊಂಡರು. ಇದನ್ನೆಲ್ಲ ಕಥೆಯಲ್ಲಿ ಬರೆದರೆ ಅತಿಯಾಯಿತು ಮಾರಾಯ್ರೆ ಅಂತೀರಿ.

ಇನ್ನೂ ಇಬ್ಬರ ಹೆಸರು ಹೇಳಲೇಬೇಕು. ‘ಗೂನೀಸ್’ ಚಿತ್ರದಲ್ಲಿ ಇವರ ಜೊತೆ ಚಂಕ್ ಅನ್ನುವ ದಪ್ಪ ಹುಡುಗನ ಪಾತ್ರ ಮಾಡಿದ್ದ ಜೆಫ್ ಕೊಹೆನ್ ದೊಡ್ಡವನಾಗಿ ವಕೀಲನಾದ. ಕ್ವಾನ್ ಮತ್ತೆ ನಟನೆಗೆ ಬಂದಾಗ ಕರಾರು ಪತ್ರ ಮಾತಾಡಿ ಕುದುರಿಸಿದವನು ಆತನೇ. ಇನ್ನೊಬ್ಬರು ಹಾಯಿಂಗ್ ನ್ಗೋರ್. ಕ್ವಾನ್‌ಗಿಂತ ಮೊದಲು ಪೋಷಕ ನಟ ಆಸ್ಕರ್ ಪಡೆದ ಒಬ್ಬನೇ ಏಷ್ಯನ್ ನಟ. ಅವರು ಕಾಂಬೋಡಿಯಾದ ವೈದ್ಯ, ಅಲ್ಲಿನ ನರಮೇಧದಿಂದ ಪಾರಾಗಿ ನಿರಾಶ್ರಿತರಾಗಿ ಅಮೆರಿಕ ಸೇರಿದವರು. ಅವರಿಗೆ ಪ್ರಶಸ್ತಿ ಬಂದದ್ದು 1985ರಲ್ಲಿ, ಅಂದ್ರೆ ಕ್ವಾನ್ ‘ಗೂನೀಸ್’ ಹುಡುಗನಾಗಿದ್ದ ವರ್ಷ. ಅಲ್ಲಿಂದ ಮುಂದಿನವರು ಬರಲು 38 ವರ್ಷ ಬೇಕಾಯಿತು. ಒಬ್ಬ ಮನುಷ್ಯನ ಛಲದ ಬಗ್ಗೆ ಮಾತಾಡುವಾಗ ಈ ಲೆಕ್ಕವನ್ನೂ ಪಕ್ಕದಲ್ಲೇ ಇಟ್ಟುಕೊಳ್ಳಬೇಕು. ಬಾಗಿಲು ಹಾಕಿಕೊಂಡಿದ್ದರ ತಪ್ಪು ತಟ್ಟುವವನದಲ್ಲ.

ಆಸ್ಕರ್ ಬಂದ ಮೇಲೆ ಎಲ್ಲ ಸಲೀಸಾಯಿತಾ? ‘ಲೋಕಿ’ ಸರಣಿಯ ಎರಡನೇ ಸೀಸನ್‌ನಲ್ಲಿ ಜನ ಮೆಚ್ಚಿದರು. ‘ಕುಂಗ್ ಫು ಪಾಂಡಾ 4’ಕ್ಕೆ ದನಿ ಕೊಟ್ಟರು. 2025ರ ಫೆಬ್ರವರಿಯಲ್ಲಿ ‘ಲವ್ ಹರ್ಟ್ಸ್’ ಬಂತು. 53ನೇ ವಯಸ್ಸಿನಲ್ಲಿ ಹಾಲಿವುಡ್‌ನ ದೊಡ್ಡ ಕಂಪನಿಯ ಚಿತ್ರಕ್ಕೆ ನಾಯಕ. ಹೊಡೆದಾಟವೆಲ್ಲ ಜೋರಾಗಿಯೇ ಇತ್ತು, ವಿಮರ್ಶಕರು ಕೈ ಹಿಡಿಯಲಿಲ್ಲ, ಸಿನಿಮಾ ಮಲಗಿತು. ಅದೇ ವರ್ಷ ನವೆಂಬರ್‌ನಲ್ಲಿ ‘ಝೂಟೋಪಿಯಾ 2’ ಬಂತು. ಅದರಲ್ಲಿ ಗ್ಯಾರಿ ಅನ್ನುವ ಹಾವಿನ ದನಿ ಇವರದೇ, ಮನೆಯಲ್ಲಿ ಮಕ್ಕಳಿದ್ದರೆ ಕೇಳಿ ನೋಡಿ, ಅವರು ನಿಮಗಿಂತ ಮೊದಲೇ ಗುರುತು ಹಿಡಿಯುತ್ತಾರೆ.

ನಮಸ್ಕಾರ.