ಮೂವತ್ತೈದರ ನಂತರ ಮಗುವಿನ ನಿರೀಕ್ಷೆ

ಕೇಳುಗ ಬಂಧುಗಳಿಗೆ ನಮಸ್ಕಾರ.

ಓದು, ನೌಕರಿ, ಒಡಹುಟ್ಟಿದವರ ಜವಾಬ್ದಾರಿಗಳನ್ನು ಮುಗಿಸಿ ಮೂವತ್ತು ದಾಟಿದ ಮೇಲೆ ಮದುವೆಯಾಗುವವರು ಇಂದು ವಿಜಯಪುರ ನಗರದಲ್ಲಿಯೂ ಇದ್ದಾರೆ, ಇಂಡಿ, ಸಿಂದಗಿ, ಮುದ್ದೇಬಿಹಾಳದ ಹಳ್ಳಿಗಳಲ್ಲಿಯೂ ಇದ್ದಾರೆ. ಗರ್ಭ ನಿಲ್ಲುವುದು ತಡವಾದರೆ ಮನೆಯವರ ಕಣ್ಣು ಮೊದಲು ಬೀಳುವುದು ಸೊಸೆಯ ಮೇಲೆ. ಹರಕೆಯೂ ಆಕೆಗೆ, ಗುಳಿಗೆಯೂ ಆಕೆಗೆ, ಸ್ಕ್ಯಾನಿಂಗೂ ಆಕೆಗೇ. ಓಣಿಯಲ್ಲಿ ಕುಬಸವಾದರೆ ಉಡಿ ತುಂಬಲು ಆಕೆಯನ್ನು ಕರೆಯದೆ ನೋಯಿಸುವವರೂ ಉಂಟು. ಗಂಡನ ವೀರ್ಯ ಪರೀಕ್ಷೆಯ ಮಾತು ಬರುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ವರ್ಷಗಳೇ ಕಳೆದಿರುತ್ತವೆ.

ಆ ವರ್ಷಗಳು ಮರಳಿ ಸಿಗುವಂಥವಲ್ಲ. ಹೆಣ್ಣುಮಗು ತನ್ನ ಜೀವಮಾನದ ಅಂಡಗಳನ್ನೆಲ್ಲ ಹೊತ್ತೇ ಹುಟ್ಟುತ್ತದೆ. ಹುಟ್ಟುವಾಗ ಸುಮಾರು 10ರಿಂದ 20 ಲಕ್ಷದಷ್ಟಿರುವ ಅವು ಮೈನೆರೆಯುವ ವೇಳೆಗೆ ಮೂರು ನಾಲ್ಕು ಲಕ್ಷಕ್ಕೆ ಇಳಿದು, 35ರ ನಂತರ ಸಂಖ್ಯೆಯಲ್ಲಿಯೂ ಗುಣದಲ್ಲಿಯೂ ಇನ್ನಷ್ಟು ವೇಗವಾಗಿ ಕುಗ್ಗುತ್ತವೆ. ಗರ್ಭಪಾತದ ಸಂಭವ ಹೆಚ್ಚುವುದೂ ಬಹುಮಟ್ಟಿಗೆ ಅಂಡದ ವರ್ಣತಂತುಗಳಲ್ಲಿ (ಕ್ರೋಮೋಸೋಮುಗಳಲ್ಲಿ) ಕಾಣುವ ದೋಷದಿಂದಲೇ. ಆದ್ದರಿಂದ 35ರ ಒಳಗಿನ ಹೆಂಗಸು ಒಂದು ವರ್ಷ ಕಾದು ನೋಡಬಹುದು. 35 ದಾಟಿದವರು ಆರು ತಿಂಗಳಿಗೇ ವೈದ್ಯರನ್ನು ಕಾಣಬೇಕು, 40 ದಾಟಿದವರು ಕಾಯಲೇಬಾರದು.

ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಸಿನ ಕಾರಣವೂ ಸೇರಿರುತ್ತದೆ. ವೀರ್ಯ ಪರೀಕ್ಷೆಗೆ ಸೂಜಿ ಬೇಡ, ನೋವಿಲ್ಲ. ಎರಡರಿಂದ ಏಳು ದಿನ ವೀರ್ಯ ಹೊರಹೋಗದಂತೆ ಸಂಯಮದಿಂದಿದ್ದ ನಂತರ ಮಾದರಿ ಕೊಟ್ಟರಾಯಿತು. ಇಷ್ಟು ಸುಲಭದ ಪರೀಕ್ಷೆಯನ್ನು ಮಾನದ ಪ್ರಶ್ನೆಯಾಗಿಸಿ ಹೆಂಡತಿಯ ಕಾಲವನ್ನು ಕಳೆಯುವುದು ಅನ್ಯಾಯವೆಂದೇ ನಾನು ಹೇಳುತ್ತೇನೆ. ವೀರ್ಯಾಣು ಬೆಳೆದು ಹೊರಬರಲು ಎರಡೂವರೆಯಿಂದ ಮೂರು ತಿಂಗಳು ಹಿಡಿಯುವುದರಿಂದ, ತಂಬಾಕು, ಮದ್ಯಗಳನ್ನು ಇಂದು ಬಿಟ್ಟವರಿಗೂ ಫಲ ಕಾಣುವುದು ಆ ಬಳಿಕವೇ.

ಹೆಂಗಸರು ಥೈರಾಯ್ಡ್, ಸಕ್ಕರೆ, ರಕ್ತದೊತ್ತಡಗಳನ್ನು ಗರ್ಭಕ್ಕೆ ಮೊದಲೇ ನೋಡಿಸಿಕೊಂಡು, ದಿನಕ್ಕೆ 400 ಮೈಕ್ರೋಗ್ರಾಂ ಫೋಲಿಕ್ ಆಮ್ಲವನ್ನು ಆರಂಭಿಸುವುದು ಒಳ್ಳೆಯದು.

ಅಂಡ, ವೀರ್ಯಾಣುಗಳನ್ನು ದೇಹದ ಹೊರಗೆ ಪ್ರಯೋಗಾಲಯದಲ್ಲಿ ಕೂಡಿಸುವ ಐವಿಎಫ್ ಚಿಕಿತ್ಸೆ ಇದೆಯಲ್ಲ ಎಂದು ಹಲವರು ನಿಶ್ಚಿಂತರಾಗಿರುತ್ತಾರೆ. ತನ್ನದೇ ಅಂಡದಿಂದ ಐವಿಎಫ್ ಮಾಡಿಸುವಾಗ ಆ ಅಂಡಕ್ಕೆ ತಾಯಿಯಷ್ಟೇ ವಯಸ್ಸಾಗಿರುತ್ತದೆ, ಅದನ್ನು ಎಳೆಯದಾಗಿಸುವ ಔಷಧ ಯಾವ ಆಸ್ಪತ್ರೆಯಲ್ಲಿಯೂ ಇಲ್ಲ. ಇಂಥ ಸಂತಾನ ಚಿಕಿತ್ಸೆಗಳನ್ನು ನಿಯಂತ್ರಿಸುವ 2021ರ ಕೇಂದ್ರ ಕಾಯ್ದೆಯಂತೆ ಈ ಚಿಕಿತ್ಸೆಗೆ ಹೆಂಗಸರಿಗೆ 50, ಗಂಡಸರಿಗೆ 55 ವರ್ಷದ ಮಿತಿಯೂ ಇದೆ.

ಮೊದಲ ಭೇಟಿಗೆ ಇಬ್ಬರೂ ಕೂಡಿಯೇ ಹೋಗಿರಿ. ಹಿಂದಿನ ರಿಪೋರ್ಟುಗಳನ್ನೂ ಕೆಲವು ತಿಂಗಳ ಮುಟ್ಟಿನ ತಾರೀಖುಗಳನ್ನೂ ಬರೆದುಕೊಂಡು ಒಯ್ಯಿರಿ.