ಕಡಿಮೆ ಓಡುವ ಕಾರಿನ ಆರೈಕೆ

ಮಾನ್ಯ ಸಭಿಕರೇ,

ಕಾರಿನ ಸರ್ವಿಸ್ ಎಂದೊಡನೆ ನಮ್ಮ ಕಣ್ಣು ಮೊದಲು ಹೋಗುವುದು ಮೀಟರಿನ ಮೇಲೆ. ಇಷ್ಟು ಕಿಲೋಮೀಟರ್ ಓಡಿದೆ, ಇನ್ನಷ್ಟು ಓಡಿದ ಮೇಲೆ ಕೊಟ್ಟರಾಯಿತು ಎಂಬ ಲೆಕ್ಕಾಚಾರ ರೂಢಿಯಾಗಿಬಿಟ್ಟಿದೆ. ಆದರೆ ಕಾರಿನೊಡನೆ ಕೊಡುವ ಕೈಪಿಡಿಯನ್ನು ತೆರೆದು ನೋಡಿದರೆ ಹೆಚ್ಚಿನ ಕೆಲಸಗಳಿಗೆ ಎರಡೆರಡು ಗಡುವುಗಳಿರುತ್ತವೆ: ಇಷ್ಟು ಕಿಲೋಮೀಟರ್ ಅಥವಾ ಇಷ್ಟು ತಿಂಗಳು, ಇವುಗಳಲ್ಲಿ ಯಾವುದು ಮೊದಲೋ ಅದು. ತಿಂಗಳ ಗಡುವನ್ನು ನಾವು ಅಷ್ಟಾಗಿ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅಪರೂಪಕ್ಕೆ ಕಾರು ತೆಗೆಯುವವರಂತೂ ತಮ್ಮ ಗಾಡಿ ಹೊಸದರಂತೆಯೇ ಇದೆ ಎಂದು ನಿಶ್ಚಿಂತರಾಗಿರುತ್ತಾರೆ. ಓಡದೆ ನಿಂತ ಕಾರೂ ಹೇಗೆ ಹಾಳಾಗುತ್ತದೆ, ಅದನ್ನು ತಡೆಯಲು ಏನು ಮಾಡಬೇಕು ಎಂಬುದನ್ನು ಇಂದು ವಿವರಿಸುತ್ತೇನೆ.

ಎಂಜಿನ್ ಆಯಿಲ್‌ನಿಂದ ಆರಂಭಿಸೋಣ. ಇಂಧನ ಉರಿದಾಗ ನೀರಿನ ಆವಿಯೂ ಹುಟ್ಟುತ್ತದೆ. ಅದರಲ್ಲಿ ಬಹುಪಾಲು ಸೈಲೆನ್ಸರ್ ಮೂಲಕ ಹೊರಹೋದರೂ, ಸ್ವಲ್ಪ ಭಾಗ ಪಿಸ್ಟನ್ ರಿಂಗುಗಳ ಸಂದಿನಿಂದ ಕೆಳಗಿಳಿದು, ಉರಿಯದೆ ಉಳಿದ ಇಂಧನದೊಡನೆ ಆಯಿಲ್‌ಗೆ ಸೇರುತ್ತದೆ. ದೂರದ ಪ್ರಯಾಣದಲ್ಲಿ ಆಯಿಲ್ ಚೆನ್ನಾಗಿ ಕಾಯುವುದರಿಂದ ಇವು ಬಹುಮಟ್ಟಿಗೆ ಆವಿಯಾಗಿ ಹೋಗುತ್ತವೆ. ಎರಡು ಮೂರು ಕಿಲೋಮೀಟರ್ ಹೋಗಿ ಎಂಜಿನ್ ಆರಿಸುವ ಕಾರಿಗೆ ಆ ಅವಕಾಶವೇ ಸಿಗುವುದಿಲ್ಲ. ಅದರ ಆಯಿಲ್ ಕ್ರಮೇಣ ಆಮ್ಲೀಯವಾಗಿ, ಲೋಹವನ್ನು ಕಾಪಾಡುವ ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಆಯಿಲ್ ತುಂಬುವ ಮುಚ್ಚಳವನ್ನು ತೆಗೆದು ಅದರ ಒಳಮೈಯನ್ನು ಒಮ್ಮೆ ನೋಡಿ. ಅಲ್ಲಿ ಕೆನೆಬಣ್ಣದ ಲೋಳೆ ಅಂಟಿಕೊಂಡಿದ್ದರೆ ನೀರು ಸೇರಿದೆ ಎಂದರ್ಥ. ಜೊತೆಗೆ ಎಂಜಿನ್ನನ್ನು ತಂಪಾಗಿಡುವ ದ್ರವವಾದ ಕೂಲಂಟ್‌ನ ಮಟ್ಟವೂ ಇಳಿಯುತ್ತಿದ್ದರೆ, ಎಂಜಿನ್‌ನ ಮೇಲ್ಭಾಗ ಮತ್ತು ಕೆಳಭಾಗದ ನಡುವೆ ಸೋರದಂತೆ ತಡೆಯುವ ಹೆಡ್ ಗ್ಯಾಸ್ಕೆಟ್ ಹೋಗಿರುವ ಸಂಭವವಿದೆ, ತಡಮಾಡದೆ ಮೆಕ್ಯಾನಿಕ್‌ಗೆ ತೋರಿಸಬೇಕು. ಆಯಿಲ್ ಮಟ್ಟವನ್ನು ನೋಡುವಾಗ ಕಾರು ಸಮತಟ್ಟಾದ ನೆಲದ ಮೇಲಿರಬೇಕು. ಎಂಜಿನ್ ಆರಿಸಿ ಕೆಲವು ನಿಮಿಷ ಬಿಟ್ಟು, ಆಯಿಲ್ ಅಳೆಯುವ ಕಡ್ಡಿಯಾದ ಡಿಪ್‌ಸ್ಟಿಕ್ ಎಳೆದು ಒರೆಸಿ, ಪೂರ್ತಿ ಒಳಗಿಳಿಸಿ ಮತ್ತೆ ತೆಗೆದಾಗ ಆಯಿಲ್ ಎರಡು ಗುರುತುಗಳ ನಡುವೆ ಕಾಣಬೇಕು. ಹೆಚ್ಚು ತುಂಬಿಸುವುದೂ ಹಾನಿಕರವೇ.

ಎಲ್ಲಕ್ಕಿಂತ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವುದು ಪೆಡಲಿನ ಒತ್ತಡವನ್ನು ಚಕ್ರಗಳ ಬ್ರೇಕಿಗೆ ದಾಟಿಸುವ ಬ್ರೇಕ್ ಆಯಿಲ್, ನನಗೆ ಅತ್ಯಂತ ಕಳವಳ ತರುವುದೂ ಅದೇ. ಸಾಮಾನ್ಯ ಕಾರುಗಳಲ್ಲಿ ಬಳಸುವ ಡಾಟ್ 3 ಮತ್ತು ಡಾಟ್ 4 ದರ್ಜೆಯ ಬ್ರೇಕ್ ಆಯಿಲ್‌ಗೆ ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುವ ಗುಣವಿದೆ. ಕಾರು ಶೆಡ್ಡಿನಲ್ಲಿ ನಿಂತಿದ್ದರೂ ರಬ್ಬರ್ ಹೋಸುಗಳ ಮೂಲಕ ಈ ತೇವ ಒಳಸೇರುತ್ತಲೇ ಇರುತ್ತದೆ. ಹೊಸ ಡಾಟ್ 4 ಆಯಿಲ್‌ನ ಕುದಿಬಿಂದು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ಮಾನದಂಡ ಹೇಳುತ್ತದೆ; ನೂರಕ್ಕೆ ನಾಲ್ಕು ಪಾಲಿಗೂ ಕಡಿಮೆ ನೀರು ಸೇರಿದ ಸ್ಥಿತಿಯಲ್ಲಿ ಅದೇ ಆಯಿಲ್‌ಗೆ ನಿಗದಿಯಾಗಿರುವ ಕನಿಷ್ಠ ಮಿತಿ 155 ಡಿಗ್ರಿ. ಉದ್ದನೆಯ ಇಳಿಜಾರಿನಲ್ಲಿ ಮತ್ತೆ ಮತ್ತೆ ಬ್ರೇಕ್ ಒತ್ತುತ್ತಾ ಬಂದಾಗ ಪ್ಯಾಡುಗಳ ಬಿಸಿ, ಅವನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್‌ಗೆ ದಾಟಿ, ಅಲ್ಲಿರುವ ಹಳೆಯ ಆಯಿಲ್ ಕುದಿದು ಆವಿಯ ಗುಳ್ಳೆಗಳೇಳಬಹುದು. ದ್ರವ ಒತ್ತಡವನ್ನು ಮುಂದಕ್ಕೆ ದಾಟಿಸುತ್ತದೆ, ಆವಿ ಹಾಗೆ ದಾಟಿಸದೆ ತಾನೇ ಕುಗ್ಗುತ್ತದೆ. ಪೆಡಲ್ ಕಾಲಡಿಯಲ್ಲಿ ಮೆತ್ತಗೆ ಕುಸಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಆಯಿಲ್ ತಣಿದ ಮೇಲೆ ಪೆಡಲ್ ಮತ್ತೆ ಗಟ್ಟಿಯಾಗುವುದರಿಂದ, ಬಳಿಕ ಪರೀಕ್ಷಿಸುವವರಿಗೆ ಯಾವ ದೋಷವೂ ಕಾಣದಿರಬಹುದು. ಆದ್ದರಿಂದ ಅನೇಕ ತಯಾರಕರು ಕಿಲೋಮೀಟರ್ ಎಷ್ಟೇ ಆಗಿರಲಿ, ಎರಡು ವರ್ಷಕ್ಕೊಮ್ಮೆ ಬ್ರೇಕ್ ಆಯಿಲ್ ಬದಲಿಸಲು ಸೂಚಿಸುತ್ತಾರೆ. ಎಂದೋ ತೆರೆದಿಟ್ಟ ಡಬ್ಬಿಯ ಆಯಿಲನ್ನು ತುಂಬಿಸಬಾರದು, ಅದೂ ಆಗಲೇ ತೇವ ಹೀರಿರುತ್ತದೆ.

ಕೂಲಂಟ್ ವಿಚಾರದಲ್ಲಿ ಎರಡೇ ಮಾತು ಸಾಕು. ಅದರಲ್ಲಿರುವ ತುಕ್ಕುನಿರೋಧಕಗಳು ಕಾಲಕ್ರಮೇಣ ಮುಗಿಯುತ್ತವೆ, ಹಾಗಾಗಿ ಹೇಳಿದ ಅವಧಿಗೆ ಬದಲಿಸಬೇಕು. ಎಂಜಿನ್ ಬಿಸಿಯಾಗಿರುವಾಗ ರೇಡಿಯೇಟರ್ ಮುಚ್ಚಳವನ್ನು ಎಂದಿಗೂ ತೆರೆಯಬಾರದು.

ಟೈರಿನ ಮೇಲ್ಮೈಯ ಗೀರುಗಳು ಇನ್ನೂ ಆಳವಾಗಿವೆ ಎಂದ ಮಾತ್ರಕ್ಕೆ ಟೈರ್ ಸುಸ್ಥಿತಿಯಲ್ಲಿದೆ ಎಂದು ಹೇಳಲಾಗದು. ಬಿಸಿಲಿಗೂ ಗಾಳಿಯಲ್ಲಿನ ಓಜೋನ್‌ಗೂ ಸಿಕ್ಕ ರಬ್ಬರ್ ಬಿರುಸಾಗಿ ಕೂದಲೆಳೆಯಂಥ ಬಿರುಕುಗಳನ್ನು ಬಿಡುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳ ಒಂದು ಸಂಖ್ಯೆ ಇರುತ್ತದೆ. 2319 ಎಂದಿದ್ದರೆ ಆ ಟೈರ್ 2019ರ 23ನೆಯ ವಾರದಲ್ಲಿ ತಯಾರಾದದ್ದು. ಸ್ಟೆಪ್ನಿಯ ಮೇಲಿನ ಸಂಖ್ಯೆಯನ್ನೂ ನೋಡಲು ಮರೆಯಬೇಡಿ. ಗಾಳಿಯ ಒತ್ತಡವನ್ನು ಟೈರ್ ತಣ್ಣಗಿರುವಾಗಲೇ ಅಳೆಯಬೇಕು. ಗಾಳಿ ಕಡಿಮೆಯಿದ್ದರೆ ಟೈರಿನ ಪಕ್ಕಗಳು ಪ್ರತಿ ಸುತ್ತಿನಲ್ಲೂ ಹೆಚ್ಚು ಬಾಗಿ ಒಳಗೊಳಗೇ ಕಾಯುತ್ತವೆ, ವೇಗದಲ್ಲಿ ಸಿಡಿಯುವುದಕ್ಕೆ ಇದೊಂದು ಮುಖ್ಯ ಕಾರಣ.

ಬ್ಯಾಟರಿಯೂ ಹೀಗೆಯೇ. ಕಾರು ನಿಂತಿದ್ದಾಗಲೂ ಅಲಾರಂ, ಗಡಿಯಾರ ಮುಂತಾದವು ಸ್ವಲ್ಪ ಸ್ವಲ್ಪವಾಗಿ ವಿದ್ಯುತ್ ಎಳೆಯುತ್ತಿರುತ್ತವೆ. ಪೂರ್ತಿ ಚಾರ್ಜ್ ಆದ ಸೀಸ-ಆಮ್ಲ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಚಾರ್ಜ್ ಇಳಿದ ಸ್ಥಿತಿಯಲ್ಲಿ ವಾರಗಟ್ಟಲೆ ಬಿಟ್ಟರೆ ಅದರ ಫಲಕಗಳ ಮೇಲೆ ಸೀಸದ ಸಲ್ಫೇಟ್ ಹರಳುಗಟ್ಟಿ, ಮತ್ತೆ ಪೂರ್ತಿ ಚಾರ್ಜ್ ಆಗದಂತಾಗುತ್ತದೆ. ನಿಂತಲ್ಲೇ ಐದು ನಿಮಿಷ ಎಂಜಿನ್ ಚಾಲೂ ಮಾಡಿ ಆರಿಸುವ ಅಭ್ಯಾಸದಿಂದ ಬ್ಯಾಟರಿಗೆ ಹೆಚ್ಚಿನ ಪ್ರಯೋಜನವಿಲ್ಲ, ಆಯಿಲ್‌ಗಂತೂ ನಾನು ಆಗಲೇ ಹೇಳಿದ ಕೆಡುಕೇ ಹೆಚ್ಚುತ್ತದೆ. ವಾರಕ್ಕೊಮ್ಮೆಯಾದರೂ ಅರ್ಧ ಗಂಟೆ ರಸ್ತೆಯಲ್ಲಿ ಓಡಿಸುವುದು ಎರಡಕ್ಕೂ ಒಳ್ಳೆಯದು, ನಿಂತಾಗ ಬ್ರೇಕ್ ಡಿಸ್ಕ್‌ಗಳ ಮೇಲೆ ಕೂತ ತುಕ್ಕಿನ ಪದರವೂ ಉಜ್ಜಿಹೋಗುತ್ತದೆ.

ಕೊನೆಯದಾಗಿ ಟೈಮಿಂಗ್ ಬೆಲ್ಟ್, ಅಂದರೆ ಪಿಸ್ಟನ್‌ಗಳ ಚಲನೆಗೆ ಹೊಂದಿಕೊಂಡು ಎಂಜಿನ್‌ನ ವಾಲ್ವ್‌ಗಳು ತೆರೆದು ಮುಚ್ಚುವಂತೆ ನೋಡಿಕೊಳ್ಳುವ ಬೆಲ್ಟ್. ಎಲ್ಲ ಕಾರುಗಳಲ್ಲೂ ಇದು ಇರುವುದಿಲ್ಲ, ಹಲವು ಎಂಜಿನ್‌ಗಳಲ್ಲಿ ಇದರ ಜಾಗದಲ್ಲಿ ಚೈನ್ ಇರುತ್ತದೆ. ಬೆಲ್ಟ್ ಇರುವ ಅನೇಕ ಎಂಜಿನ್‌ಗಳಲ್ಲಿ ಅದು ತುಂಡಾದರೆ ಪಿಸ್ಟನ್‌ಗಳು ತೆರೆದ ವಾಲ್ವ್‌ಗಳಿಗೆ ಬಡಿದು, ಎಂಜಿನ್ನನ್ನೇ ಬಿಚ್ಚಿ ರಿಪೇರಿ ಮಾಡಬೇಕಾಗುತ್ತದೆ. ಬೆಲ್ಟ್ ಕೂಡ ರಬ್ಬರಿನದೇ ಆದ್ದರಿಂದ ಅದಕ್ಕೂ ವರ್ಷಗಳ ಗಡುವು ಇದೆ. ಹಳೆಯ ಕಾರನ್ನು ಕೊಳ್ಳುವವರು ಕಡಿಮೆ ಓಡಿದೆ ಎಂಬ ಮಾತಿಗೆ ಮಾರುಹೋಗದೆ, ಬೆಲ್ಟ್ ಬದಲಿಸಿದ ದಿನಾಂಕದ ದಾಖಲೆಯನ್ನು ಕೇಳಬೇಕು. ದಾಖಲೆ ಸಿಗದಿದ್ದರೆ ಬದಲಿಸಿಲ್ಲವೆಂದೇ ಭಾವಿಸಿ ಹೊಸದನ್ನು ಹಾಕಿಸಬೇಕು. ಅದೇ ಹೊತ್ತಿನಲ್ಲಿ ಬೆಲ್ಟನ್ನು ಬಿಗಿಯಾಗಿಡುವ ಟೆನ್ಷನರನ್ನೂ, ಆ ಬೆಲ್ಟಿನಿಂದಲೇ ತಿರುಗುವಂಥದ್ದಾದರೆ ವಾಟರ್ ಪಂಪನ್ನೂ ಪರೀಕ್ಷಿಸಲು ಹೇಳಿ, ಏಕೆಂದರೆ ಮುಂದೆ ಅವು ಕೆಟ್ಟರೆ ಅದೇ ಭಾಗಗಳನ್ನೆಲ್ಲ ಮತ್ತೊಮ್ಮೆ ಬಿಚ್ಚಬೇಕಾಗುತ್ತದೆ.